ಮಳೆಗಾಲಕ್ಕೆ ಮನೆಗೊಂದು ಬ್ಯಾಕಪ್: ಇನ್ವರ್ಟರ್, ಜನರೇಟರ್, ಸೋಲಾರ್‌ನಲ್ಲಿ ಯಾವ ಮನೆಗೆ ಯಾವುದು?

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನಮ್ಮ ಕಡೆ ಇದೇ ಮಾತು ಶುರುವಾಗುತ್ತದೆ. ಇನ್ವರ್ಟರ್ ಹಾಕಿಸೋಣವಾ, ಜನರೇಟರ್ ತರೋಣವಾ, ಸೋಲಾರ್‌ಗೆ ಹೋಗೋಣವಾ? ಕೇಳುವವರಲ್ಲಿ ಕಳಸದ ಹತ್ತಿರದ ತೋಟದ ಮನೆಯವರೂ ಇರುತ್ತಾರೆ, ಅರಸೀಕೆರೆ ಪೇಟೆಯವರೂ ಇರುತ್ತಾರೆ. ಇಬ್ಬರಿಗೂ ಅಂಗಡಿಯವರು ಒಂದೇ ಸಾಮಾನು ತೋರಿಸುತ್ತಾರೆ. ಅಲ್ಲೇ ದುಡ್ಡು ದಾರಿ ತಪ್ಪುವುದು.

ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯಲ್ಲೂ ಒಂದು ಪಾಲು ಮಲೆನಾಡು, ಇನ್ನೊಂದು ಪಾಲು ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸದ ಕಡೆ ಪುನರ್ವಸು, ಪುಷ್ಯ ಮಳೆ ಹಿಡಿದರೆ ಲೈನ್ ಮೇಲೆ ಮರ ಬೀಳುತ್ತವೆ. ಲೈನ್ ಹೋಗಿರುವುದೇ ಕಾಫಿ ತೋಟದ ಒಳಗೆ, ಸಿಲ್ವರ್ ಓಕ್ ಮರಗಳ ನಡುವೆ. ಒಂದು ಕಡೆ ತಂತಿ ಎಳೆದು ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಕಂಬ ಮುರಿದಿರುತ್ತದೆ. ಕರೆಂಟ್ ಹೋದರೆ ಎರಡು ದಿನ, ಮೂರು ದಿನ, ಒಳಗಿನ ಹಳ್ಳಿಗಳಲ್ಲಿ ವಾರವೂ ಆಗುತ್ತದೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕಥೆ ಬೇರೆ. ಅಲ್ಲಿ ತೊಂದರೆ ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ. ಹೋದ ಕರೆಂಟ್ ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಬರುತ್ತದೆ, ಆದರೆ ಆ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗುವುದಿಲ್ಲ.

ಹಾಗಾಗಿ ಯಾವ ಕಂಪನಿ ಒಳ್ಳೆಯದು ಎನ್ನುವ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಮೊದಲು ಮನೆಯವರೆಲ್ಲ ಕೂತು ಈ ಐದು ವಿಷಯ ಮಾತಾಡಿಕೊಳ್ಳಿ.

ಏನನ್ನು ನೋಡಿ ಆರಿಸಬೇಕು

ಒಂದು, ನಿಮ್ಮ ಊರಲ್ಲಿ ಕರೆಂಟ್ ಒಂದೇ ಸಮನೆ ಹೋಗುವುದು ಹೆಚ್ಚೆಂದರೆ ಎಷ್ಟು ಹೊತ್ತು? ಹೋದ ಎರಡು ಮೂರು ಮಳೆಗಾಲ ನೆನಪಿಸಿಕೊಳ್ಳಿ. ಎರಡು, ಮನೆಯಲ್ಲಿ ನಿಲ್ಲಲೇಬಾರದ್ದು ಯಾವುದು? ಟಿವಿ ನಿಂತರೆ ಬೇಜಾರು, ಅಷ್ಟೇ. ಆಕ್ಸಿಜನ್ ಮೆಷಿನ್ ನಿಂತರೆ ಜೀವದ ಮಾತು. ಮೂರು, ಬ್ಯಾಟರಿಯೋ ಟ್ಯಾಂಕೋ ಖಾಲಿಯಾದ ಮೇಲೆ ಮತ್ತೆ ತುಂಬುವುದು ಹೇಗೆ? ನಾಲ್ಕು, ಅದನ್ನು ನಡೆಸುವವರು ಯಾರು? ಐದು, ಇವತ್ತು ಕೊಡುವ ದುಡ್ಡು ಎಷ್ಟು, ಮುಂದಿನ ವರ್ಷಗಳಲ್ಲಿ ಬೀಳುವ ಖರ್ಚು ಎಷ್ಟು?

ಇವುಗಳಲ್ಲಿ ಮೂರನೆಯದನ್ನು ಜನ ಕೇಳುವುದೇ ಕಡಿಮೆ. ಮಲೆನಾಡಿನವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬ್ಯಾಟರಿ ಎಂದರೆ ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಎಷ್ಟೇ ದೊಡ್ಡದಿರಲಿ, ತುಂಬುವ ದಾರಿ ಇಲ್ಲದಿದ್ದರೆ ಒಂದು ದಿನ ಖಾಲಿ ಆಗಿಯೇ ಆಗುತ್ತದೆ.

ನಾಲ್ಕನೆಯದರ ಬಗ್ಗೆಯೂ ಒಂದು ಮಾತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಅಪ್ಪ, ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ದುಡ್ಡು ಕಳಿಸುವವರು ಮಕ್ಕಳು, ಸಾಮಾನು ಆರಿಸುವವರೂ ಅವರೇ. ಆದರೆ ರಾತ್ರಿ ಒಂಬತ್ತಕ್ಕೆ ಸುರಿಯುವ ಮಳೆಯಲ್ಲಿ ಎದ್ದು ಹೋಗಿ ಅದನ್ನು ಚಾಲೂ ಮಾಡಬೇಕಾದವರು ಎಪ್ಪತ್ತು ದಾಟಿದ ಅಪ್ಪ. ಅವರ ಕೈಯಲ್ಲಿ ಆಗದ ಸಾಮಾನು ಎಷ್ಟು ಒಳ್ಳೆಯದಾದರೂ ಆ ಮನೆಗೆ ಒಳ್ಳೆಯದಲ್ಲ.

ಮೊದಲು ಒಂದು ಸಣ್ಣ ಲೆಕ್ಕ

150 ಎಎಚ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್ ಅವರ್ ಇರುತ್ತದೆ. ಎಎಚ್ (ಆಂಪಿಯರ್ ಅವರ್) ಬ್ಯಾಟರಿಯ ಅಳತೆ, ಅದನ್ನು ವೋಲ್ಟ್‌ನಿಂದ ಗುಣಿಸಿದರೆ ವಾಟ್ ಅವರ್. ನೂರು ವಾಟಿನ ಸಾಮಾನು ಒಂದು ಗಂಟೆ ನಡೆದರೆ ನೂರು ವಾಟ್ ಅವರ್ ಖರ್ಚು. ಇನ್ವರ್ಟರ್‌ನಲ್ಲಿ ಆಗುವ ನಷ್ಟವೆಲ್ಲ ಕಳೆದರೆ ಹೊಸ ಬ್ಯಾಟರಿಯಿಂದ ಕೈಗೆ ಸಿಗುವುದು ಸುಮಾರು 1,350.

ಕಡೂರಿನ ಒಂದು ಮನೆ ತೆಗೆದುಕೊಳ್ಳಿ. ಎರಡು ಹಳೇ ಫ್ಯಾನ್‌ಗೆ 150 ವಾಟ್, ಐದು ಎಲ್‌ಇಡಿ ಬಲ್ಬಿಗೆ 45, ವೈಫೈ ಮತ್ತು ಫೋನ್ ಚಾರ್ಜಿಂಗಿಗೆ 30. ಇನ್ವರ್ಟರ್ ತಾನೇ ತಿನ್ನುವುದು ಇನ್ನೊಂದು 15. ಒಟ್ಟು 240 ವಾಟ್. ಐದೂವರೆ ಗಂಟೆ ಬರುತ್ತದೆ. ಅದೇ ಎರಡು ಫ್ಯಾನ್ ತೆಗೆದು ಕಡಿಮೆ ಕರೆಂಟ್ ತಿನ್ನುವ, ತಲಾ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಂಬತ್ತು ಗಂಟೆ ಬರುತ್ತದೆ. ಬಯಲುಸೀಮೆಯವರು ಇನ್ನೊಂದು ಬ್ಯಾಟರಿ ಕೊಳ್ಳುವ ಮುಂಚೆ ಫ್ಯಾನ್ ಬದಲಾಯಿಸಿ ನೋಡಬೇಕು ಎನ್ನುವುದು ಇದಕ್ಕೇ.

ಈಗ ಮಳೆಗಾಲದ ಕೊಪ್ಪಕ್ಕೆ ಬನ್ನಿ. ಜುಲೈ ತಿಂಗಳಲ್ಲಿ ಅಲ್ಲಿ ಫ್ಯಾನ್ ಯಾರಿಗೆ ಬೇಕು? ಕಂಬಳಿ ಹೊದ್ದು ಮಲಗುವ ಕಾಲ. ಬಲ್ಬು ದಿನಕ್ಕೆ ಆರು ಗಂಟೆ ಉರಿದರೆ 270 ವಾಟ್ ಅವರ್, ವೈಫೈ ಹನ್ನೆರಡು ಗಂಟೆಗೆ 120, ಫೋನುಗಳಿಗೆ 60. ಇನ್ವರ್ಟರ್ ಸುಮ್ನೆ ಆನ್ ಇದ್ದರೆ ದಿನಕ್ಕೆ 360 ತಿನ್ನುತ್ತದೆ. ರಾತ್ರಿ ಮಲಗುವಾಗ, ಮಧ್ಯಾಹ್ನ ಬೇಡದಾಗ ಅದರ ಸ್ವಿಚ್ಚನ್ನೇ ಆಫ್ ಮಾಡಿದರೆ 180ಕ್ಕೆ ಇಳಿಯುತ್ತದೆ. ಒಟ್ಟು 630. ಅಂದರೆ ಅದೇ ಬ್ಯಾಟರಿ ಎರಡು ದಿನ ಬರುತ್ತದೆ! ದೊಡ್ಡ ಬ್ಯಾಟರಿ ಕೊಳ್ಳದೆ, ಒಂದು ರೂಪಾಯಿ ಖರ್ಚಿಲ್ಲದೆ. ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ.

ಸಣ್ಣ ಸಾಮಾನು: ಮೂರರಿಂದ ಐದು ಸಾವಿರದೊಳಗೆ

ಬಾಡಿಗೆ ಮನೆಯವರು, ಹಾಸನ ಪೇಟೆಯಂಥ ಕಡೆ ಎರಡು ಮೂರು ಗಂಟೆಯ ಕಡಿತ ಮಾತ್ರ ನೋಡಿದವರು ಇಲ್ಲಿಗೇ ನಿಲ್ಲಬಹುದು. ಚಾರ್ಜ್ ಆಗುವ ಎಲ್‌ಇಡಿ ಬಲ್ಬು ಎರಡು ಮೂರು. ಇವನ್ನು ಮಾಮೂಲಿ ಹೋಲ್ಡರಿಗೇ ಹಾಕಬಹುದು, ಕರೆಂಟ್ ಹೋದ ಮೇಲೂ ಮೂರು ನಾಲ್ಕು ಗಂಟೆ ಉರಿಯುತ್ತವೆ. ಒಂದು ಒಳ್ಳೆಯ ಟಾರ್ಚು, ತಲೆಗೆ ಕಟ್ಟುವಂಥದ್ದಾದರೆ ಇನ್ನೂ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತವೆ. 20,000 ಎಂಎಎಚ್ ಪವರ್ ಬ್ಯಾಂಕು ಒಂದು. ಸೆಲ್ ಹಾಕುವ ಸಣ್ಣ ರೇಡಿಯೋ.

ಮೇಣದಬತ್ತಿ, ಬುಡ್ಡಿ ದೀಪ ಬೇಡ ಎಂದೇ ನನ್ನ ಅಭಿಪ್ರಾಯ. ಹಂಚಿನ ಮನೆ, ಅಟ್ಟದ ಮೇಲೆ ಒಣ ಸೌದೆ, ನಿದ್ದೆಗಣ್ಣಿನ ಮಕ್ಕಳು. ಬೆಂಕಿಗೆ ಅಷ್ಟು ಸಾಕು.

ದೊಡ್ಡ ಸಾಮಾನು ಕೊಳ್ಳುವವರೂ ಇವನ್ನು ಮೊದಲು ತೆಗೆದಿಡಿ. ಇನ್ವರ್ಟರೂ ಕೆಡಬಹುದು ಅಲ್ವಾ?

ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್

ಹೆಚ್ಚಿನ ಮನೆಗಳಿಗೆ ಸರಿಹೊಂದುವುದು ಇದೇ. ಟ್ಯೂಬುಲರ್ ಎಂದರೆ ಆಸಿಡ್ ಇರುವ, ಆಗಾಗ ನೀರು ಹಾಕಬೇಕಾದ ಸೀಸದ ಬ್ಯಾಟರಿ. ಇನ್ವರ್ಟರ್, 150 ಎಎಚ್ ಬ್ಯಾಟರಿ ಸೇರಿ ಅಂದಾಜು 22ರಿಂದ 28 ಸಾವಿರ ರೂಪಾಯಿ. ಬ್ಯಾಟರಿ ನಾಲ್ಕೈದು ವರ್ಷ ಬಾಳುತ್ತದೆ. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಒಂದಿಷ್ಟು ಹಣ ಕಡಿಮೆ ಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕರೆಂಟ್ ಹೋದ ಕೂಡಲೇ ತಾನಾಗಿ ಚಾಲೂ ಆಗುತ್ತದೆ. ಅಮ್ಮ ಕತ್ತಲಲ್ಲಿ ತಡಕಾಡಬೇಕಿಲ್ಲ.

ಇದರ ದೋಷ ಚಾರ್ಜಿಂಗಿನಲ್ಲಿದೆ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಜಾಸ್ತಿ ಬೇಕು. ಮಲೆನಾಡಿನಲ್ಲಿ ದೊಡ್ಡ ಮಳೆಯ ವಾರದಲ್ಲಿ ಕರೆಂಟ್ ಎರಡು ಗಂಟೆ ಬಂದು ಮತ್ತೆ ಹೋಗುತ್ತದೆ. ಅಷ್ಟರಲ್ಲಿ ಕಾಲು ಭಾಗ ತುಂಬಿದರೆ ಪುಣ್ಯ. ಇದರ ಮೇಲೆ ಲೋ ವೋಲ್ಟೇಜ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ದೂರ ಇರುವ ಒಂಟಿ ಮನೆಗಳಿಗೆ ಇದು ಗೊತ್ತಿರುವ ಗೋಳು. ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ಯುಪಿಎಸ್, ಇಕೋ ಎಂದು ಎರಡು ಬಗೆಯ ಸ್ವಿಚ್ ಇರುತ್ತದೆ. ಯುಪಿಎಸ್‌ನಲ್ಲಿಟ್ಟರೆ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗಿನ ಕರೆಂಟನ್ನು ಅದು ತೆಗೆದುಕೊಳ್ಳುವುದೇ ಇಲ್ಲ. ಕರೆಂಟ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಕಂಪ್ಯೂಟರ್ ಇಲ್ಲದ ಮನೆಯಾದರೆ ಇಕೋದಲ್ಲಿಡಿ. ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಆಗುತ್ತದೆ.

ಇನ್ನೊಂದು ವಿಷಯ. ಖಾಲಿಯಾದ ಟ್ಯೂಬುಲರ್ ಬ್ಯಾಟರಿಯನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ಅದರ ಆಯಸ್ಸು ಕಮ್ಮಿಯಾಗುತ್ತದೆ. ಹಾಗಾಗಿ ಕೊನೆಯ ಹನಿವರೆಗೂ ಹಿಂಡಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರನ್ನೇ ಹಾಕಿ. ಬಾವಿ ನೀರು, ಫಿಲ್ಟರ್ ನೀರು ಆಗುವುದಿಲ್ಲ. ಚಾರ್ಜ್ ಆಗುವಾಗ ಉರಿಯುವಂಥ ಗಾಳಿ ಬರುತ್ತದೆ, ಅದಕ್ಕೆ ಮುಚ್ಚಿದ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ ಇಡಬೇಡಿ.

ಲಿಥಿಯಂ ಇನ್ವರ್ಟರ್

ಬೆಲೆ ಹೆಚ್ಚುಕಮ್ಮಿ ಎರಡು ಪಟ್ಟು. 100 ಎಎಚ್ ಲಿಥಿಯಂ ಕೊಡುವ ಶಕ್ತಿ 150 ಎಎಚ್ ಟ್ಯೂಬುಲರ್‌ಗಿಂತ ಸ್ವಲ್ಪ ಕಡಿಮೆಯೇ. ಹಾಗಾದರೆ ದುಡ್ಡು ಕೊಡುವುದು ಯಾಕೆ? ಚಾರ್ಜಿಂಗಿನ ವೇಗಕ್ಕೆ. ಮೂರರಿಂದ ಐದು ಗಂಟೆಯಲ್ಲಿ ತುಂಬುತ್ತದೆ. ಕರೆಂಟ್ ಬಂದು ಹೋಗಿ ಮಾಡುವ ಊರಲ್ಲಿ, ಸಿಕ್ಕ ಎರಡು ಗಂಟೆಯಲ್ಲಿ ಅರ್ಧ ತುಂಬಿಸಿಕೊಳ್ಳುವುದು ಎಂದರೆ ಇನ್ನೊಂದು ದಿನದ ಬೆಳಕು. ನೀರು ಹಾಕುವ ಕೆಲಸವಿಲ್ಲ, ಆಸಿಡ್ ಇಲ್ಲ, ಎಂಟು ಹತ್ತು ವರ್ಷ ಬಾಳುತ್ತದೆ ಎನ್ನುವ ಲೆಕ್ಕ. ಗೋಡೆಗೆ ನೇತು ಹಾಕುವಂಥವು ಇವೆ, ಬಾಡಿಗೆ ಮನೆ ಬದಲಾಯಿಸುವಾಗ ಎತ್ತಿಕೊಂಡು ಹೋಗಬಹುದು.

ಕೆಟ್ಟರೆ ಮಾತ್ರ ಹಳ್ಳಿಯ ಬ್ಯಾಟರಿ ಅಂಗಡಿಯಲ್ಲಿ ರಿಪೇರಿ ಆಗುವುದಿಲ್ಲ. ಸರ್ವಿಸ್ ನಿಮ್ಮ ತಾಲ್ಲೂಕಿಗೆ ಬರುತ್ತದಾ ಎಂದು ಕೇಳಿಯೇ ಕೊಳ್ಳಿ. ಕರೆಂಟ್ ಪೂರ್ತಿ ಮೂರು ನಾಲ್ಕು ದಿನ ಬರದೇ ಇರುವ ಊರಾದರೆ ಈ ವೇಗದಿಂದ ಏನೂ ಉಪಯೋಗವಿಲ್ಲ, ಟ್ಯೂಬುಲರ್ ಕೊಂಡು ಉಳಿದ ದುಡ್ಡನ್ನು ಮುಂದೆ ಹೇಳುವ ಪ್ಯಾನಲ್‌ಗೆ ಹಾಕುವುದು ಮೇಲು.

ಜನರೇಟರ್

ಮೋಟಾರ್ ನಡೆಸಬೇಕು, ಫ್ರಿಜ್ ನಡೆಸಬೇಕು ಎಂದರೆ ಇದೇ ಗತಿ. ಒಂದು ಎಚ್‌ಪಿ ಮೋಟಾರಿಗೆ ಓಡುವಾಗ ಬೇಕಾಗುವುದು 746 ವಾಟಿಗಿಂತ ಜಾಸ್ತಿ, ಸ್ಟಾರ್ಟ್ ಆಗುವಾಗ ಅದರ ಮೂರು ನಾಲ್ಕು ಪಟ್ಟು. ಮನೆಯ ಮಾಮೂಲಿ ಇನ್ವರ್ಟರ್ ಅದನ್ನು ಎತ್ತುವುದಿಲ್ಲ. ಎರಡು ಮೂರು ಕೆವಿಎ ಪೆಟ್ರೋಲ್ ಜನರೇಟರ್ ಅಂದಾಜು 45ರಿಂದ 80 ಸಾವಿರ. ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ಇಡೀ ದಿನ ನಡೆಸುವ ಸಾಮಾನಲ್ಲ ಇದು. ದಿನಕ್ಕೊಂದು ಗಂಟೆ ಹಾಕಿ ಟ್ಯಾಂಕಿಗೆ ನೀರು ಏರಿಸುವುದಕ್ಕೆ, ಫ್ರಿಜ್ ತಣ್ಣಗೆ ಮಾಡುವುದಕ್ಕೆ, ಹಾಗೇ ಇನ್ವರ್ಟರ್‌ಗೆ ಒಂದಿಷ್ಟು ಚಾರ್ಜ್ ಕೊಡುವುದಕ್ಕೆ ಇಟ್ಟುಕೊಳ್ಳಿ.

ದಾರಿ ಕಡಿದು ಹೋದರೆ ಪೆಟ್ರೋಲ್ ಎಲ್ಲಿಂದ? 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದಾಗ, ಚಾರ್ಮಾಡಿ ಘಾಟಿ ಮುಚ್ಚಿದಾಗ ಒಳಗಿನ ಊರುಗಳು ಹೊರಗಿನ ಸಂಪರ್ಕವಿಲ್ಲದೆ ಉಳಿದವು. 2024ರ ಜುಲೈನಲ್ಲಿ ಸಕಲೇಶಪುರದ ಕೆಳಗೆ ಶಿರಾಡಿ ಘಾಟಿಯಲ್ಲೂ ಮಣ್ಣು ರಸ್ತೆಗೆ ಬಿತ್ತು. ಹಾಗೆಂದು ಮನೆಯಲ್ಲಿ ಕ್ಯಾನುಗಟ್ಟಲೆ ಪೆಟ್ರೋಲ್ ತುಂಬಿಡುವುದು ಇನ್ನೂ ದೊಡ್ಡ ಅಪಾಯ. ಕೆಲವು ಲೀಟರ್ ಸಾಕು, ಅದೂ ಒಲೆ ಮನೆಯಿಂದ ದೂರ, ಬೇರೆ ಕೊಟ್ಟಿಗೆಯಲ್ಲಿ. ಎಥೆನಾಲ್ ಬೆರೆಸಿದ ಈಗಿನ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ. ಜನರೇಟರನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಡಿ.

ಎರಡು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮಳೆ ಎಂದು ಜನರೇಟರನ್ನು ಮನೆಯೊಳಗೆ, ಮುಚ್ಚಿದ ಜಗಲಿಯಲ್ಲಿ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಗಾಳಿಯಾಡುವ ಸೂರಿನ ಕೆಳಗೆ, ಕಿಟಕಿಗೆ ಎದುರಾಗದಂತೆ ಇಡಿ. ಎರಡನೆಯದು, ಚೇಂಜ್ ಓವರ್ ಸ್ವಿಚ್ (ಮನೆಯನ್ನು ಲೈನಿಗೆ ಇಲ್ಲವೇ ಜನರೇಟರ್‌ಗೆ, ಒಂದಕ್ಕೆ ಮಾತ್ರ ಜೋಡಿಸುವ ಸ್ವಿಚ್) ಇಲ್ಲದೆ ಜನರೇಟರ್ ವೈರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಬಾರದು. ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ. ಅದೇ ಹೊತ್ತಿಗೆ ಕಂಬದ ಮೇಲೆ ನಿಮಗಾಗಿಯೇ ಮಳೆಯಲ್ಲಿ ನೆನೆಯುತ್ತಾ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್ ಸಾಯಬಹುದು.

ಪಲ್ಪಿಂಗ್‌ಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು, ಡೀಸೆಲ್ ಜನರೇಟರ್ ಇಟ್ಟುಕೊಂಡ ತೋಟದವರಿಗೆ ಹೊಸದು ಬೇಕಿಲ್ಲ. ಕೊಯ್ಲು ಮುಗಿದ ಮೇಲೆ ಅದು ಸುಮ್ನೆ ಕೂತಿರುತ್ತದೆ. ಮೇ ತಿಂಗಳಲ್ಲೇ ಮೆಕ್ಯಾನಿಕ್‌ನನ್ನು ಕರೆಸಿ. ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರಿಗೂ ಒಂದು ವೈರ್ ಎಳೆಸಿ. ಅವರ ಫೋನೂ ಚಾರ್ಜ್ ಆಗಬೇಕು, ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಸೋಲಾರ್

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಹರಡಿದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಳ್ಳೆಯ ಯೋಜನೆಯೇ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್ ಸುರಕ್ಷತೆಗಾಗಿ ಅದನ್ನು ಹಾಗೆಯೇ ಮಾಡಿರುತ್ತಾರೆ. ಮಾಡಿನ ಮೇಲೆ ಮೂರು ಕಿಲೋವಾಟ್ ಪ್ಯಾನಲ್ ಇದ್ದರೂ ಮನೆಯೊಳಗೆ ಕತ್ತಲು. ಬಿಲ್ ಉಳಿಸಲು ಹಾಕಿಸಿ, ಸಂತೋಷ. ಬ್ಯಾಕಪ್ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು, ಖರ್ಚು ಲಕ್ಷ ದಾಟುತ್ತದೆ. ಅರಸೀಕೆರೆ, ಕಡೂರಿನ ಬಿಸಿಲಿಗೆ ಅದು ಬಾಳುವ ಹೂಡಿಕೆ. ಬಿಸಿಲೇ ಕಾಣದ ಆಗುಂಬೆ ಅಂಚಿನ ಊರಿಗೆ ನಾನು ಹೇಳುವುದಿಲ್ಲ.

ಮಲೆನಾಡಿಗೆ ಸರಿಹೊಂದುವ ಸೋಲಾರ್ ಚಿಕ್ಕದು. ಈಗಿರುವ ಟ್ಯೂಬುಲರ್ ಬ್ಯಾಟರಿಗೇ 200 ವಾಟಿನ ಒಂದು ಪ್ಯಾನಲ್, ಜೊತೆಗೆ ಪ್ಯಾನಲ್‌ನ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬುವ ಒಂದು ಸೋಲಾರ್ ಚಾರ್ಜ್ ಕಂಟ್ರೋಲರ್. ಹತ್ತು ಸಾವಿರದ ಆಸುಪಾಸು. ಒಳ್ಳೆಯ ಬಿಸಿಲಿಗೆ ದಿನಕ್ಕೆ 800, 900 ವಾಟ್ ಅವರ್ ಕೊಡುವ ಪ್ಯಾನಲ್ ಮೋಡದ ದಿನ ನೂರರಿಂದ ಇನ್ನೂರಕ್ಕೆ ಇಳಿಯಬಹುದು. ಕಡಿಮೆಯೇ. ಆದರೂ ಫೋನಿಗೆ, ಎರಡು ಬಲ್ಬಿಗೆ ಸಾಕು, ಮತ್ತು ಇದಕ್ಕೆ ಲೈನೂ ಬೇಡ, ರಸ್ತೆಯೂ ಬೇಡ. ಮರದ ನೆರಳು ಬೀಳದ ಕಡೆ ಹಾಕಿಸಿ, ಪಾಚಿ ಕಟ್ಟಿದರೆ ಒರೆಸಿ.

ಮನೆ ಪಕ್ಕ ಎತ್ತರದಿಂದ ಬೀಳುವ ಹಳ್ಳವಿದ್ದರೆ ನಿಮಗೆ ಇನ್ನೊಂದು ದಾರಿಯಿದೆ. ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ತಿರುಗಿಸುವ ಸಣ್ಣ ಟರ್ಬೈನ್, ಪಿಕೋ ಹೈಡ್ರೋ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವೆ. ಕರೆಂಟ್ ಹೋಗುವ ಮಳೆಗಾಲದಲ್ಲೇ ಇದು ಹಗಲು ರಾತ್ರಿ ತುಂಬ ಚೆನ್ನಾಗಿ ನಡೆಯುತ್ತದೆ. ಜಾಗ ಇದ್ದವರು ಬೇರೆ ಏನನ್ನೂ ನೋಡುವ ಮುಂಚೆ ಇದನ್ನು ವಿಚಾರಿಸಿ.

ಬ್ಯಾಕಪ್‌ನಿಂದ ಬಗೆಹರಿಯದ ವಿಷಯಗಳು

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಐದು ಲೀಟರಿನ ಮೆಷಿನ್‌ಗೆ ಸುಮಾರು 300 ವಾಟಿಗಿಂತ ಜಾಸ್ತಿ ಬೇಕು, ಒಂದು ಬ್ಯಾಟರಿ ನಾಲ್ಕು ಗಂಟೆ ಬಂದರೆ ಹೆಚ್ಚು. ಅಂಥವರು ತುಂಬಿದ ಸಿಲಿಂಡರ್ ಮನೆಯಲ್ಲಿಟ್ಟುಕೊಳ್ಳಬೇಕು. ದೊಡ್ಡ ಮಳೆಯ ಮುನ್ಸೂಚನೆ ಬಂದಾಗಲೇ ಹಾಸನ, ಚಿಕ್ಕಮಗಳೂರು ಪೇಟೆಯ ನೆಂಟರ ಮನೆಗೆ ಬರುವುದು ಇನ್ನೂ ಒಳ್ಳೆಯದು. ಇನ್ಸುಲಿನ್ ಬಗ್ಗೆ ಅಷ್ಟು ಗಾಬರಿ ಬೇಡ. ಬಳಸುತ್ತಿರುವ ಬಾಟಲಿ ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರದಷ್ಟು ಕೆಡುವುದಿಲ್ಲ. ನಿಮ್ಮದರ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡಿ, ಡಾಕ್ಟರನ್ನು ಕೇಳಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ.

ನೀರಿಗೆ ಜನರೇಟರ್ ಬದಲು ಇನ್ನೊಂದು 1,000 ಲೀಟರಿನ ಟ್ಯಾಂಕ್ ಹಾಕಿಸುವುದು ಎಷ್ಟೋ ಅಗ್ಗ. ಅಬ್ಬಿ ನೀರು (ಗುಡ್ಡದಿಂದ ತಾನಾಗಿ ಹರಿದು ಬರುವ ನೀರು) ಬರುವ ಮನೆಯವರು, ಬಾವಿಗೆ ರಾಟೆ ಉಳಿಸಿಕೊಂಡವರು ಪುಣ್ಯವಂತರು. ಅಡುಗೆಗೆ ಇಂಡಕ್ಷನ್ ಒಲೆಯನ್ನೇ ನಂಬಬೇಡಿ, 2,000 ವಾಟನ್ನು ಮನೆಯ ಮಾಮೂಲಿ ಇನ್ವರ್ಟರ್ ಕೊಡುವುದಿಲ್ಲ. ಎರಡನೇ ಗ್ಯಾಸ್ ಸಿಲಿಂಡರ್ ತುಂಬಿರಲಿ. ಮೊಬೈಲ್ ಟವರ್‌ಗಳ ಬ್ಯಾಟರಿಯೂ ಕೆಲವು ಗಂಟೆಯಲ್ಲಿ ಮುಗಿಯುತ್ತದೆ. ಆಗ ಸುದ್ದಿಗೆ ಹಾಸನ, ಭದ್ರಾವತಿ ಆಕಾಶವಾಣಿಯೇ ಗತಿ. 1912 ಕರೆಂಟ್ ದೂರಿಗೆ, 108 ಆಂಬುಲೆನ್ಸ್‌ಗೆ, 112 ತುರ್ತಿಗೆ, 1077 ಜಿಲ್ಲಾ ಕಂಟ್ರೋಲ್ ರೂಮಿಗೆ. ಇವನ್ನು ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಇಷ್ಟೆಲ್ಲ ಹೇಳಿದ್ದು ಉಳಿಯಲು ಯೋಗ್ಯವಾದ ಮನೆಗೆ. ಮನೆ ಹಿಂದಿನ ದರೆಯಲ್ಲಿ (ಕಡಿದಾದ ಮಣ್ಣಿನ ಇಳಿಜಾರಿನಲ್ಲಿ) ಬಿರುಕು ಕಂಡರೆ, ಅಂಗಳದಲ್ಲಿ ಕೆಸರು ನೀರು ಉಕ್ಕಿದರೆ, ಮರಗಳು ವಾಲಿದರೆ ಬ್ಯಾಟರಿ ಎಷ್ಟಿದೆ ಎಂದು ನೋಡುತ್ತಾ ಕೂರಬೇಡಿ. ಕಾಗದ ಪತ್ರ, ಮಾತ್ರೆ, ಟಾರ್ಚು ತೆಗೆದುಕೊಂಡು ಹೊರಡಿ.

ಹಾಗಾದರೆ ಯಾವುದು?

ಪೇಟೆಯ ಬಾಡಿಗೆ ಮನೆ, ಬಜೆಟ್ ಐದು ಸಾವಿರ: ಸಣ್ಣ ಸಾಮಾನು, ಅಷ್ಟೇ. ಕಡೂರು, ಅರಸೀಕೆರೆ ಕಡೆಯ ಸ್ವಂತ ಮನೆ: ಟ್ಯೂಬುಲರ್ ಇನ್ವರ್ಟರ್ ಜೊತೆ ಬಿಎಲ್‌ಡಿಸಿ ಫ್ಯಾನ್, ಕೈಯಲ್ಲಿ ದುಡ್ಡಿದ್ದರೆ ಮುಂದೆ ಹೈಬ್ರಿಡ್ ಸೋಲಾರ್. ಬೇಲೂರು, ಆಲೂರಿನಂಥ ಅರೆಮಲೆನಾಡಿನಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತದೆ ಎಂದಾದರೆ ಲಿಥಿಯಂಗೆ ಕೊಡುವ ದುಡ್ಡು ವ್ಯರ್ಥವಲ್ಲ. ಒಳಮಲೆನಾಡಿನಲ್ಲಿ ವಯಸ್ಸಾದವರಿಬ್ಬರೇ ಇರುವ ಮನೆಗೆ ಟ್ಯೂಬುಲರ್ ಇನ್ವರ್ಟರ್, ಚಿಕ್ಕ ಪ್ಯಾನಲ್, ದೊಡ್ಡ ನೀರಿನ ಟ್ಯಾಂಕ್. ಜನರೇಟರ್ ಬೇಡವೇ ಬೇಡ. ಆಳುಕಾಳು ಇರುವ ತೋಟದ ಮನೆಗೆ ಇನ್ವರ್ಟರ್ ಜೊತೆ ಜನರೇಟರೂ ಇರಲಿ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮೇ ತಿಂಗಳ ಒಂದು ಭಾನುವಾರ ಸಂಜೆ ಆರಕ್ಕೆ ಮೇನ್ ಸ್ವಿಚ್ ಆಫ್ ಮಾಡಿ, ಬೆಳಗ್ಗೆ ಆರರವರೆಗೆ ಹಾಗೇ ಇರಿ. ಏನು ನಿಂತಿತು, ಯಾವುದಕ್ಕೆ ನಿಜವಾಗಿ ಕಷ್ಟವಾಯಿತು, ಯಾವುದು ಇಲ್ಲದಿದ್ದರೂ ನಡೆಯಿತು ಎಂದು ಮನೆಯವರೆಲ್ಲ ಸೇರಿ ಬರೆದಿಡಿ. ಆ ಚೀಟಿ ಹಿಡಿದುಕೊಂಡು ಹೋಗಿ. ಆರಿದ್ರಾ ಮಳೆ ಹಿಡಿಯುವ ಮುಂಚೆಯೇ ಹೋಗಿ, ಆಮೇಲೆ ಎಲೆಕ್ಟ್ರಿಷಿಯನ್ ಸಿಗುವುದು ಕಷ್ಟ.